ತಲೆಯೊಳಗಿನ ಒತ್ತಡ ಏರಿದ್ದಾಗ ರಕ್ತದೊತ್ತಡವನ್ನೂ ಏರಿಸಿದ್ದೇಕೆ?

ಕಾತ್ರಜಿನ ತಂಗಿ, ಪುಣೆ:

ಜುಲೈ ತಿಂಗಳ ಮಳೆಯಲ್ಲಿ ನನ್ನ ಅಣ್ಣ ಹಿಂಜವಡಿಯ ಕಚೇರಿಯಿಂದ ಮನೆಗೆ ಬರುವಾಗ ಬೈಪಾಸಿನಲ್ಲಿ ಬೈಕ್ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಬಿಗಿದಿರಲಿಲ್ಲ. ತಲೆಗಿಂತ ಮೊದಲು ಹೆಲ್ಮೆಟ್ಟೇ ರಸ್ತೆ ಸೇರಿತು. ಆಸ್ಪತ್ರೆಗೆ ಸೇರಿಸಿದಾಗ ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ 15ಕ್ಕೆ 6 ಎಂದು ಬರೆದಿದ್ದರು. ಮಿದುಳಿನ ಮುಂಭಾಗದಲ್ಲೂ ಬಲಪಕ್ಕದಲ್ಲೂ ಜಜ್ಜುಗಾಯ, ಊತ. ಹತ್ತೊಂಬತ್ತು ದಿನ ಐಸಿಯು. ಈಗ ಮನೆಯಲ್ಲಿದ್ದಾನೆ, ನಮ್ಮೆಲ್ಲರ ಗುರುತು ಹಿಡಿಯುತ್ತಾನೆ, ಎಡಗೈ ಇನ್ನೂ ಬಲಹೀನವಾಗಿದೆ.

ಆ ದಿನಗಳಲ್ಲಿ ಒಳಗೆ ಬಿಟ್ಟಾಗಲೆಲ್ಲ ನಾನು ಮಾನಿಟರ್‌ನ ಅಂಕಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಬೇರೇನು ಮಾಡಬೇಕೆಂದು ತೋಚುತ್ತಿರಲಿಲ್ಲ. ಮೂರನೆಯ ದಿನ ಸಂಜೆ 6 ಗಂಟೆಯ ಸಾಲಿನಲ್ಲಿ ತಲೆಯೊಳಗಿನ ಒತ್ತಡ, ಅಂದರೆ ಐಸಿಪಿ, 24 ಎಂದಿದೆ. ಸರಾಸರಿ ರಕ್ತದೊತ್ತಡ 71. ಆಗ ವೈದ್ಯರು ರಕ್ತದೊತ್ತಡ ಏರಿಸುವ ಔಷಧಿಯನ್ನು ಪಂಪಿನಲ್ಲಿ ಹಾಕಿದರು. ರಾತ್ರಿ 8ರ ಸಾಲಿನಲ್ಲಿ ಐಸಿಪಿ 21, ರಕ್ತದೊತ್ತಡ 88. ಇಪ್ಪತ್ತು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿರುವ ನಮ್ಮ ಅಮ್ಮ, "ತಲೆ ಒತ್ತಡದಿಂದ ಸಿಡಿಯುತ್ತಿರುವವನಿಗೆ ಬಿ.ಪಿ. ಏರಿಸುವವರುಂಟೇ" ಎಂದು ಕಾರಿಡಾರಿನಲ್ಲಿ ಅತ್ತಿದ್ದು ನನಗೆ ಇನ್ನೂ ಮರೆತಿಲ್ಲ. ಐದನೆಯ ದಿನ ಒತ್ತಡ 31 ದಾಟಿ ಇಳಿಯದೆ ಹೋದಾಗ ತಲೆಬುರುಡೆಯ ಒಂದು ಭಾಗವನ್ನೇ ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟರು. ಅಂದು ಯಾರಿಗೂ ಕೂತು ವಿವರಿಸುವಷ್ಟು ಸಮಯವಿರಲಿಲ್ಲ, ಅದನ್ನು ದೂರೆಂದು ಹೇಳುತ್ತಿಲ್ಲ. ಈಗಲಾದರೂ ಬಲ್ಲವರು ಕನ್ನಡದಲ್ಲಿ ತಿಳಿಸಿದರೆ ಅಮ್ಮನಿಗೆ ಓದಿ ಹೇಳುತ್ತೇನೆ.

ಮಡಗಾಂವಿನ ಅರಿವಳಿಕೆಯವನು, ಗೋವಾ:

ನಿಮ್ಮ ಅಮ್ಮನ ಪ್ರಶ್ನೆಯನ್ನು ನನ್ನ ಕಿರಿಯ ವೈದ್ಯರೂ ಮೊದಲ ವಾರದಲ್ಲಿ ಕೇಳುತ್ತಾರೆ. ಕೇಳದವರ ಬಗ್ಗೆಯೇ ನನಗೆ ಚಿಂತೆ. ಉತ್ತರದ ಅರ್ಧ ನಿಮ್ಮ ಪುಸ್ತಕದಲ್ಲೇ ಇದೆ.

ವಯಸ್ಕರ ತಲೆಬುರುಡೆ ಹಿಗ್ಗದ ಡಬ್ಬಿ. ಅದರೊಳಗೆ ಸುಮಾರು ಶೇ 80 ಮಿದುಳು, ಉಳಿದದ್ದರಲ್ಲಿ ಹೆಚ್ಚುಕಡಿಮೆ ಸಮಪಾಲಾಗಿ ರಕ್ತ ಮತ್ತು ಮಿದುಳು-ಬೆನ್ನುಹುರಿಗಳ ಸುತ್ತ ಇರುವ ದ್ರವ. ಒಂದು ಹೆಚ್ಚಿದರೆ ಮತ್ತೊಂದು ಜಾಗ ಬಿಡಲೇಬೇಕೆಂಬುದನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲೂ ಅವನ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲೂ ಬರೆದಿಟ್ಟರು. ಮಿದುಳು ಊದಿದಾಗ ಮೊದಲು ದ್ರವ ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ಅಭಿಧಮನಿಗಳ ರಕ್ತ ಹೊರಗೆ ಹಿಂಡಿಹೋಗುತ್ತದೆ. ಅಷ್ಟರವರೆಗೆ ಒತ್ತಡ ಏರುವುದು ನಿಧಾನ. ಆ ಮೀಸಲು ಮುಗಿಯಿತೋ, ನಾಲ್ಕೈದು ಮಿಲಿಲೀಟರ್ ಹೆಚ್ಚಾದರೂ ಅಂಕಿ ಜಿಗಿಯುತ್ತದೆ. ಆರೋಗ್ಯವಂತ ವಯಸ್ಕರು ಮಲಗಿರುವಾಗ ಐಸಿಪಿ 15 ಮಿಲಿಮೀಟರ್ ಪಾದರಸದ ಒಳಗಿರುತ್ತದೆ. 22 ದಾಟಿ ಅಲ್ಲೇ ನಿಂತರೆ ಚಿಕಿತ್ಸೆ ಬೇಕೆನ್ನುತ್ತದೆ ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್‌ನ 2016ರ ಮಾರ್ಗಸೂಚಿ.

ಆದರೆ ಮಿದುಳು ಬದುಕುವುದು ರಕ್ತದಿಂದ. ದೇಹದ ತೂಕದ ಶೇ 2ರಷ್ಟಿರುವ ಈ ಅಂಗಕ್ಕೆ ಹೃದಯ ಹೊರಹಾಕುವ ರಕ್ತದ ಶೇ 15ರಷ್ಟು ಬೇಕು. ರಕ್ತವನ್ನು ಒಳಗೆ ನೂಕುವ ಬಲವೆಂದರೆ ಸರಾಸರಿ ರಕ್ತದೊತ್ತಡದಿಂದ ಐಸಿಪಿಯನ್ನು ಕಳೆದಾಗ ಉಳಿಯುವುದು. ಅದನ್ನೇ ನಾವು ಸಿಪಿಪಿ ಎನ್ನುತ್ತೇವೆ. ಸಂಜೆ 6ಕ್ಕೆ 71ರಲ್ಲಿ 24 ಕಳೆದರೆ 47. ನಮ್ಮ ಗುರಿ 60ರಿಂದ 70. ಅಂದರೆ ಆ ಹೊತ್ತಿಗೆ ಅಣ್ಣನ ಮಿದುಳು ಹಸಿದಿತ್ತು. ರಾತ್ರಿ 8ಕ್ಕೆ 88ರಲ್ಲಿ 21 ಕಳೆಯಿರಿ, 67.

ಈಗ ಆ ಸಾಲನ್ನು ಇನ್ನೊಮ್ಮೆ ನೋಡಿ. ರಕ್ತದೊತ್ತಡ ಏರಿದ ಮೇಲೆ ಐಸಿಪಿ 24ರಿಂದ 21ಕ್ಕೆ ಇಳಿದಿದೆ! ಇದು ಬರೆದುಕೊಳ್ಳುವಾಗ ಆದ ತಪ್ಪಲ್ಲ. ರಕ್ತ ಸಾಲದೆ ಬಂದಾಗ ಮಿದುಳಿನ ಸಣ್ಣ ಧಮನಿಗಳು ತಾವಾಗಿ ಅಗಲವಾಗುತ್ತವೆ. ಅಗಲವಾದ ನಾಳಗಳಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುತ್ತದೆ, ಡಬ್ಬಿಯೊಳಗೆ ಒತ್ತಡ ಇನ್ನಷ್ಟು ಏರುತ್ತದೆ, ನೂಕುಬಲ ಮತ್ತಷ್ಟು ಕುಸಿಯುತ್ತದೆ, ನಾಳಗಳು ಮತ್ತೂ ಅಗಲವಾಗುತ್ತವೆ. ರಕ್ತದೊತ್ತಡ ಏರಿಸಿದರೆ ಆ ನಾಳಗಳು ಮತ್ತೆ ಕಿರಿದಾಗಿ ಈ ಸುತ್ತು ಹಿಮ್ಮುಖವಾಗಿ ತಿರುಗುತ್ತದೆ. ಅಣ್ಣನ ನಾಳಗಳಿಗೆ ಆ ಜಾಣ್ಮೆ ಉಳಿದಿತ್ತು, ಅದು ಒಳ್ಳೆಯ ಲಕ್ಷಣ. ಪೆಟ್ಟಿನಿಂದ ಆ ಸ್ವಯಂನಿಯಂತ್ರಣ ಕೆಟ್ಟವರಲ್ಲಿ ರಕ್ತದೊತ್ತಡದ ಜೊತೆಗೇ ಐಸಿಪಿಯೂ ಏರುತ್ತದೆ. ಆದ್ದರಿಂದಲೇ 2019ರ ಸಿಯಾಟಲ್ ತಜ್ಞರ ಒಮ್ಮತವು ಸರಾಸರಿ ಒತ್ತಡವನ್ನು 10ರಷ್ಟು ಏರಿಸಿ, ಹೆಚ್ಚೆಂದರೆ 20 ನಿಮಿಷ ಕಾದು, ಐಸಿಪಿ ಎತ್ತ ಹೋಗುತ್ತದೆಂದು ಮಂಚದ ಪಕ್ಕದಲ್ಲೇ ಪರೀಕ್ಷಿಸಬಹುದೆನ್ನುತ್ತದೆ.

ಡೊಂಬಿವಲಿಯ ಭೌತಶಾಸ್ತ್ರ ಮೇಷ್ಟ್ರು:

ನಮ್ಮ ಕಟ್ಟಡದ ಏಳನೆಯ ಮಹಡಿಯವರ ದೂರು ನೆನಪಾಯಿತು. ನಲ್ಲಿಯಲ್ಲಿ ನೀರು ಬರುವುದು ತೊಟ್ಟಿಯ ಎತ್ತರ ಎಷ್ಟೆಂಬುದರಿಂದಲ್ಲ, ತೊಟ್ಟಿಗೂ ನಲ್ಲಿಗೂ ಇರುವ ಅಂತರದಿಂದ ಎಂದು ಸೊಸೈಟಿ ಸಭೆಯಲ್ಲಿ ಗಂಟಲು ಹರಿಯುವಂತೆ ಹೇಳಿದವನು ನಾನು. ಹೀಗಾಗಿ ಕಳೆಯುವ ಲೆಕ್ಕ ಒಪ್ಪಿದೆ. ಒಪ್ಪಿದ ಮೇಲೆ ನನ್ನ ಆಕ್ಷೇಪ ಇದು: ಅಂತರವೇ ಮುಖ್ಯವಾದರೆ ಐಸಿಪಿಯ ತಂಟೆಗೇ ಹೋಗದೆ ರಕ್ತದೊತ್ತಡವನ್ನು 120ಕ್ಕೆ ಏರಿಸಿ ಸುಮ್ಮನಿರಬಹುದಲ್ಲ? ಹಸಿದವನಿಗೆ ಊಟ ಹೆಚ್ಚಾದರೆ ನಷ್ಟವೇನು?

ಮಡಗಾಂವಿನ ಅರಿವಳಿಕೆಯವನು, ಗೋವಾ:

ಮೇಷ್ಟ್ರೇ, 1990ರ ದಶಕದಲ್ಲಿ ಅನೇಕರು ಹಾಗೆಯೇ ಯೋಚಿಸಿದ್ದರು. 1999ರಲ್ಲಿ ಪ್ರಕಟವಾದ ಹ್ಯೂಸ್ಟನ್‌ನ ಅಧ್ಯಯನದಲ್ಲಿ ಸಿಪಿಪಿಯನ್ನು 70ರ ಮೇಲಿಡಲು ದ್ರವ, ಔಷಧಿ ಸುರಿದ ಗುಂಪಿನಲ್ಲಿ ಮಿದುಳಿಗೆ ರಕ್ತ ಸಾಲದ ಸಂದರ್ಭಗಳು ಕಡಿಮೆಯಾದವು ನಿಜ, ಆದರೆ ಶ್ವಾಸಕೋಶ ತೀವ್ರವಾಗಿ ಕೆಡುವುದು ಐದು ಪಟ್ಟು ಹೆಚ್ಚಿತು. ಕೊನೆಗೆ ರೋಗಿಗಳ ಸ್ಥಿತಿಯಲ್ಲಿ ಲಾಭ ಕಾಣಲಿಲ್ಲ. ಇನ್ನೊಂದು, ನಿಮ್ಮ ನಲ್ಲಿಯ ಹೋಲಿಕೆಯಲ್ಲಿ ಕೊಳವೆ ಸೋರುವುದಿಲ್ಲ. ಪೆಟ್ಟು ತಿಂದ ಮಿದುಳಿನ ನಾಳದ ಗೋಡೆ ಸೋರುತ್ತದೆ. ಅತಿಯಾಗಿ ನೂಕಿದರೆ ನೀರು ಮಿದುಳಿನೊಳಗೇ ಇಳಿದು ಊತ ಬೆಳೆಯುತ್ತದೆ. ಆದ್ದರಿಂದ 60ಕ್ಕಿಂತ ಕೆಳಗೆ ಬಿಡುವುದಿಲ್ಲ, 70ಕ್ಕಿಂತ ಮೇಲಕ್ಕೆ ಬಲವಂತವಾಗಿ ಎತ್ತುವುದೂ ಇಲ್ಲ.

ಆ ಕೆಳಗಿನ ಗೆರೆಯ ಬಗ್ಗೆ ನಾನು ಹೆಚ್ಚು ಹಟ ಹಿಡಿಯುವವನು. ಅಮೆರಿಕದ ಕೋಮಾ ದತ್ತಾಂಶ ಕೋಶದಿಂದ 1993ರಲ್ಲಿ ಬಂದ ವರದಿಯ ಪ್ರಕಾರ, ರಕ್ತದೊತ್ತಡದ ಮೇಲಿನ ಅಂಕಿ ಒಮ್ಮೆ 90ಕ್ಕಿಂತ ಇಳಿದಿದ್ದರೂ ಸಾವಿನ ಪ್ರಮಾಣ ಸುಮಾರು ಇಮ್ಮಡಿ. ಈಗ 15ರಿಂದ 49 ವರ್ಷದವರಲ್ಲಿ 110ರ ಮೇಲಿರಲಿ ಎನ್ನುತ್ತಾರೆ. ಕಾರವಾರದಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ತಲೆಪೆಟ್ಟಿನವರನ್ನು ಕರೆತರುವ ದಾರಿಯಿದೆಯಲ್ಲ, ಆ ದಾರಿಯಲ್ಲಿ ಆಂಬುಲೆನ್ಸಿನೊಳಗೆ ಆಮ್ಲಜನಕವನ್ನೂ ರಕ್ತದೊತ್ತಡವನ್ನೂ ಕಾಯ್ದುಕೊಂಡವನು ನಮ್ಮ ಎಷ್ಟೋ ಔಷಧಿಗಿಂತ ಹೆಚ್ಚಿನದನ್ನು ಮಾಡಿರುತ್ತಾನೆ.

ರಾತ್ರಿಪಾಳಿ ಸಿಸ್ಟರ್, ಮುಂಬಯಿ:

ಡಾಕ್ಟರು ಅಂಕಿಗಳ ಕಥೆ ಹೇಳಿದರು. ಅಂಕಿ ಎಲ್ಲಿಂದ ಬರುತ್ತದೆಂಬುದನ್ನು ನಾನು ಹೇಳುತ್ತೇನೆ. ಹದಿನೇಳು ವರ್ಷ ನ್ಯೂರೋ ಐಸಿಯುನಲ್ಲಿ ಕಳೆದಿದ್ದೇನೆ.

ಮಿದುಳಿನ ಕುಹರದೊಳಗೆ ಇಟ್ಟ ಸಣ್ಣ ಕೊಳವೆ ಹೊರಗೆ ಬಂದು ಒಂದು ಒತ್ತಡಮಾಪಕಕ್ಕೆ ಸೇರುತ್ತದೆ. ಆ ಮಾಪಕದ ಸೊನ್ನೆ ಕಿವಿಯ ರಂಧ್ರದ ಮುಂದಿರುವ ಸಣ್ಣ ಉಬ್ಬಿನ ಮಟ್ಟದಲ್ಲಿರಬೇಕು. ಒಂದು ರಾತ್ರಿ 14 ಇದ್ದ ಒತ್ತಡ ಏಕಾಏಕಿ 21 ತೋರಿಸಿತು. ಹೊಸದಾಗಿ ಬಂದ ಹುಡುಗಿ ಗಾಬರಿಯಿಂದ ಮಿದುಳಿನ ಊತ ಇಳಿಸುವ ಮ್ಯಾನಿಟಾಲ್ ಬಾಟಲಿಗೆ ಓಡಿದಳು. ನೋಡಿದರೆ, ಹಾಸಿಗೆ ಬದಲಿಸುವಾಗ ಯಾರೋ ಮಂಚವನ್ನು ಅಂಗೈ ಅಗಲದಷ್ಟು ಎತ್ತರಿಸಿದ್ದರು, ಮಾಪಕ ಕಂಬದಲ್ಲಿ ಮೊದಲಿನ ಜಾಗದಲ್ಲೇ ಇತ್ತು. ಹತ್ತು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಅಂಕಿ ಏಳರಷ್ಟು ತಪ್ಪುತ್ತದೆ. ಮೇಷ್ಟ್ರು ಬೇಕಾದರೆ ಲೆಕ್ಕ ಹಾಕಲಿ. ನಾವು ಗಾರೆಯವರಂತೆ ರಸಮಟ್ಟ ಹಿಡಿದು ಅದನ್ನು ಕಿವಿಯ ಮಟ್ಟಕ್ಕೆ ತಂದೆವು, ಮತ್ತೆ 14. ರಕ್ತದೊತ್ತಡದ ಮಾಪಕಕ್ಕೂ ಇದೇ ಮಾತು. ಅದನ್ನು ಎದೆಯ ಮಟ್ಟದಲ್ಲಿಟ್ಟು ತಲೆಯನ್ನು ಎತ್ತರಿಸಿದರೆ ಮಿದುಳಿಗೆ ನಿಜವಾಗಿ ಸಿಗುವ ಒತ್ತಡ ಪರದೆಯ ಅಂಕಿಗಿಂತ ಕಡಿಮೆ. ಎರಡನ್ನೂ ಕಿವಿಯ ಮಟ್ಟಕ್ಕೆ ತಂದರೆ ಮಾತ್ರ ಕಳೆಯುವ ಲೆಕ್ಕ ಸರಿಹೋಗುತ್ತದೆ.

ತಲೆಯ ಕಡೆ 30 ಡಿಗ್ರಿ ಎತ್ತರಿಸುವುದು ಕತ್ತಿನ ಅಭಿಧಮನಿಗಳಿಂದ ರಕ್ತ ಸಲೀಸಾಗಿ ಕೆಳಗಿಳಿಯಲಿ ಎಂದು. ಅದಕ್ಕಾಗಿ ಮಂಚವನ್ನು ಎತ್ತಬೇಕೇ ಹೊರತು ದಿಂಬು ಇಡಬಾರದು. ದಿಂಬಿಟ್ಟರೆ ಗದ್ದ ಎದೆಗೆ ಬಾಗಿ ಕತ್ತಿನ ನಾಳ ಮಡಚಿಕೊಳ್ಳುತ್ತದೆ. ಕೃತಕ ಉಸಿರಿನ ಕೊಳವೆ ಕಟ್ಟುವ ಟೇಪು ಬಿಗಿಯಾದರೂ ಅದೇ ಗತಿ. ಔಷಧಿ ಮೇಲೆ ಔಷಧಿ ಕೊಟ್ಟರೂ ಇಳಿಯದ ಒತ್ತಡ ಟೇಪು ಒಂದು ಬೆರಳು ಸಡಿಲಿಸಿದಾಗ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಟಲಿನ ಕಫ ಎಳೆಯುವಾಗ 18 ಇದ್ದದ್ದು 34ಕ್ಕೆ ಹೋಗಿ ಎರಡು ನಿಮಿಷದಲ್ಲಿ ಮರಳುತ್ತದೆ. ಹೊರಗಿನಿಂದ ಗಾಜಿನಲ್ಲಿ ನೋಡುವ ಮನೆಯವರಿಗೆ ಆ ಕೆಂಪು ದೀಪ ಎದೆಗೆ ಚುಚ್ಚುತ್ತದೆ, ಗೊತ್ತು. ಆದರೆ ಕಫ ಎಳೆಯದಿದ್ದರೆ ಇಂಗಾಲದ ಡೈಆಕ್ಸೈಡ್ ಏರಿ ನಾಳಗಳು ಹಿಗ್ಗಿ ಇನ್ನೂ ಕೆಟ್ಟದ್ದಾಗುತ್ತದೆ.

ಮ್ಯಾನಿಟಾಲ್ ಬಗ್ಗೆಯೂ ಒಂದು ಮಾತು. ಎಸಿ ಕೋಣೆಯಲ್ಲಿಟ್ಟ ಶೇ 20ರ ಬಾಟಲಿಯಲ್ಲಿ ಕಲ್ಲುಸಕ್ಕರೆಯ ಹುಡಿಯಂತೆ ಹರಳು ಕಟ್ಟುತ್ತದೆ. ಬಿಸಿನೀರಿನಲ್ಲಿಟ್ಟು ಕರಗಿಸಿ, ಮೈಬಿಸಿಗೆ ಆರಿಸಿ, ಬೆಳಕಿಗೆ ಹಿಡಿದು ನೋಡಿಯೇ ಹಾಕಬೇಕು. ಅದು ಮಿದುಳಿನ ನೀರನ್ನು ರಕ್ತಕ್ಕೆ ಸೆಳೆದು ಮೂತ್ರವಾಗಿ ಹೊರಹಾಕುತ್ತದೆ. ಚೀಲ ತುಂಬಿತೆಂದು ಸಂತೋಷಪಟ್ಟು ಕುಳಿತರೆ ಅಷ್ಟರಲ್ಲಿ ರಕ್ತದೊತ್ತಡ ಕುಸಿದಿರುತ್ತದೆ, ಐಸಿಪಿ ಇಳಿದೂ ನೂಕುಬಲ ಇಲ್ಲದಂತಾಗುತ್ತದೆ. ಆಗಲೇ ರಕ್ತದೊತ್ತಡ ಕಡಿಮೆ ಇದ್ದವರಿಗೆ ಶೇ 3ರ ಉಪ್ಪುನೀರನ್ನು ಆರಿಸುವುದು ಇದಕ್ಕೇ.

ಹಾಗೆಯೇ ಮುಂಬಯಿಯಲ್ಲಿ ನಮ್ಮೂರಿನವರು ಬಂದರೆಂದರೆ ಎಳನೀರು ಬಂತೆಂದೇ ಅರ್ಥ. ಮೂಗಿನ ಕೊಳವೆಯಲ್ಲಿ ತಂಪು ಹಾಕಿ ಸಿಸ್ಟರ್ ಎಂದು ಅಂಗಲಾಚುತ್ತಾರೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ. ಊದಿದ ಮಿದುಳಿಗೆ ಮೊದಲ ದಿನಗಳಲ್ಲಿ ಅದು ಬೇಡ. ರಕ್ತದ ಸೋಡಿಯಂ ಇಳಿದರೆ ನೀರು ಮಿದುಳಿನತ್ತಲೇ ಹರಿಯುತ್ತದೆ. ಶೇ 5ರ ಗ್ಲೂಕೋಸ್ ಬಾಟಲಿ ಹಾಕದಿರುವುದಕ್ಕೂ ಇದೇ ಕಾರಣ.

ಕಾತ್ರಜಿನ ತಂಗಿ, ಪುಣೆ:

ದಿಂಬಿನ ವಿಷಯ ಓದಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಎರಡನೆಯ ದಿನ ಅವರು ಅಣ್ಣನ ತಲೆಯಡಿ ಮನೆಯ ದಿಂಬು ಇಡಲು ಹೋಗಿ ಗದರಿಸಿಕೊಂಡಿದ್ದರು, ಆ ಸಿಟ್ಟು ಇಂದಿನವರೆಗೂ ಇತ್ತು.

ವಾಸ್ಕೋ ಬಂದರಿನವ:

ನಮ್ಮ ಬಂಧುವೊಬ್ಬರು ಈಗ ಇದೇ ಸ್ಥಿತಿಯಲ್ಲಿದ್ದಾರೆ. ಊತ ಇಳಿಸಲು ಸ್ಟೀರಾಯ್ಡ್ ಕೊಡಿಸಿ, ವೈದ್ಯರು ಮರೆತಿರಬಹುದು ಎಂದು ವಾಟ್ಸಾಪಿನಲ್ಲಿ ಬಂದಿದೆ. ಐಸ್ ಇಟ್ಟು ದೇಹ ತಂಪು ಮಾಡಿದರೂ ಮಿದುಳು ಉಳಿಯುತ್ತದಂತೆ. ಕೇಳಬಹುದೇ?

ಮಡಗಾಂವಿನ ಅರಿವಳಿಕೆಯವನು, ಗೋವಾ:

ಅವರು ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದಾರೆ. ಮಿದುಳಿನ ಗಡ್ಡೆಯ ಸುತ್ತಲಿನ ಊತಕ್ಕೆ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದರಿಂದಲೇ ಈ ಗೊಂದಲ. ಪೆಟ್ಟಿನ ಊತದ ಬಗೆ ಬೇರೆ. 2004ರಲ್ಲಿ ಪ್ರಕಟವಾದ ಕ್ರಾಶ್ ಅಧ್ಯಯನದಲ್ಲಿ 10,008 ಮಂದಿ ತಲೆಪೆಟ್ಟಿನವರಿದ್ದರು. ಎರಡು ವಾರದೊಳಗಿನ ಸಾವು ಸ್ಟೀರಾಯ್ಡ್ ಪಡೆದವರಲ್ಲಿ ಶೇ 21, ಪಡೆಯದವರಲ್ಲಿ ಶೇ 18. ಅದಕ್ಕೂ ಮೊದಲು ದಶಕಗಳ ಕಾಲ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ದೇಹ ತಂಪು ಮಾಡುವುದನ್ನು 2015ರ ಯುರೋಥರ್ಮ್ ಅಧ್ಯಯನ ಪರೀಕ್ಷಿಸಿತು; ಒತ್ತಡ ಇಳಿಯಿತು, ಆದರೆ ರೋಗಿಗಳ ಫಲಿತಾಂಶ ಕೆಟ್ಟಿತು. ಜ್ವರ ಬಂದರೆ ಇಳಿಸಲೇಬೇಕು, ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ನನಗೆ ಈ ವಿಷಯದಲ್ಲಿ ಕಾಡುವುದು ಅದೇ: ಐಸಿಪಿ ಇಳಿಸುವ ಉಪಾಯಗಳಲ್ಲಿ ಕೆಲವು ಮಿದುಳಿಗೆ ರಕ್ತವನ್ನೇ ತಪ್ಪಿಸಿ ಇಳಿಸುತ್ತವೆ. ವೇಗವಾಗಿ ಉಸಿರಾಡಿಸುವುದನ್ನೇ ನೋಡಿ. ಅದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ನಾಳಗಳು ಕಿರಿದಾಗುತ್ತವೆ; ಅದು ಒಂದು ಮಿಲಿಮೀಟರ್ ಇಳಿದರೆ ಮಿದುಳಿನ ರಕ್ತಹರಿವು ಸುಮಾರು ಶೇ 3ರಷ್ಟು ತಗ್ಗುತ್ತದೆ. ಅಂಕಿ ಥಟ್ಟನೆ ಸುಂದರವಾಗುತ್ತದೆ, ಒಳಗೆ ಹಸಿವು. ಪೆಟ್ಟಾದ ಮೊದಲ ದಿನ ರಕ್ತಹರಿವು ತಾನಾಗಿಯೇ ಕುಗ್ಗಿರುತ್ತದೆ, ಅಂದೇ ಹೀಗೆ ಮಾಡಿದರೆ ಗಾಯದ ಮೇಲೆ ಬರೆ. ನಾನು ಓದುವಾಗ ಹಿರಿಯರು ಉಸಿರು ಕೊಡುವ ಬ್ಯಾಗನ್ನು ಬೇಗ ಬೇಗ ಒತ್ತು ಎನ್ನುತ್ತಿದ್ದರು.

ರಾತ್ರಿಪಾಳಿ ಸಿಸ್ಟರ್, ಮುಂಬಯಿ:

ಡಾಕ್ಟರೇ, ಸ್ವಲ್ಪ ತಡೆಯಿರಿ. ಕಣ್ಣುಪಾಪೆ ಒಂದು ಕಡೆ ಹಿಗ್ಗಿ, ಬೆಳಕಿಗೆ ಕದಲದೆ, ನಾಡಿ ನಿಧಾನವಾಗಿ ರಕ್ತದೊತ್ತಡ ಏರುತ್ತಿರುವವನನ್ನು ಸಿ.ಟಿ.ಯಿಂದ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ನಾನೂ ಬ್ಯಾಗನ್ನು ಬೇಗ ಒತ್ತಿದ್ದೇನೆ, ನೀವೂ ಒತ್ತಿದ್ದೀರಿ. ಅದನ್ನು ಓದುಗರು ತಪ್ಪೆಂದು ತಿಳಿಯಬಾರದು.

ಮಡಗಾಂವಿನ ಅರಿವಳಿಕೆಯವನು, ಗೋವಾ:

ಒಪ್ಪಿದೆ. ಮಿದುಳು ಕೆಳಕ್ಕೆ ಜಾರುತ್ತಿರುವಾಗ ಶಸ್ತ್ರಚಿಕಿತ್ಸೆಗೆ ತಲುಪಿಸುವ ಆ ಹತ್ತಿಪ್ಪತ್ತು ನಿಮಿಷಕ್ಕೆ ಅದು ಸೇತುವೆ. ನನ್ನ ಆಕ್ಷೇಪ ದಿನಗಟ್ಟಲೆ ಹಾಗೆ ಇಡುವುದಕ್ಕೆ. ನೀವು ಹೇಳಿದ ನಾಡಿ ಮತ್ತು ರಕ್ತದೊತ್ತಡದ ಲಕ್ಷಣವನ್ನು ಹಾರ್ವೆ ಕುಶಿಂಗ್ 1901ರಲ್ಲಿ ವಿವರಿಸಿದ್ದ. ಆ ಏರಿದ ರಕ್ತದೊತ್ತಡವೂ ಮಿದುಳಿಗೆ ರಕ್ತ ತಲುಪಿಸಲು ದೇಹ ತಾನೇ ಮಾಡಿಕೊಳ್ಳುವ ಕೊನೆಯ ಹೋರಾಟ. ಕಾತ್ರಜಿನ ಅಮ್ಮನವರಿಗೆ ಇದನ್ನೂ ಓದಿ ಹೇಳಿ.

ಕಾಣಕೋಣದ ಅಡಿಕೆ ತೋಟದವ:

ನನ್ನ ತಂದೆ ಮರದಿಂದ ಬಿದ್ದು ತಿಂಗಳು ಮಲಗಿದ್ದರು. ಅವರಿಗೆ ತಲೆಯೊಳಗೆ ಯಾವ ಮಾಪಕವನ್ನೂ ಹಾಕಿರಲಿಲ್ಲ. ಇದನ್ನೆಲ್ಲ ಓದಿದ ಮೇಲೆ ಅವರಿಗೆ ಅರ್ಧ ಚಿಕಿತ್ಸೆ ಸಿಕ್ಕಿತೇನೋ ಎಂಬ ಸಂಕಟವಾಗುತ್ತಿದೆ.

ಮಡಗಾಂವಿನ ಅರಿವಳಿಕೆಯವನು, ಗೋವಾ:

ಹಾಗೆ ತೀರ್ಮಾನಿಸಬೇಡಿ. ಬೊಲಿವಿಯಾ ಮತ್ತು ಈಕ್ವಡೋರ್‌ಗಳಲ್ಲಿ 324 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕೇಳಿತು. ಒಂದು ಗುಂಪಿಗೆ ಮಾಪಕದ ಅಂಕಿ ನೋಡಿ ಚಿಕಿತ್ಸೆ, ಇನ್ನೊಂದಕ್ಕೆ ಸಿ.ಟಿ. ಮತ್ತು ಮಂಚದ ಬಳಿಯ ಪರೀಕ್ಷೆ ನೋಡಿ ಚಿಕಿತ್ಸೆ. ಆರು ತಿಂಗಳ ನಂತರ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಇದರಿಂದ ಮಾಪಕ ನಿಷ್ಪ್ರಯೋಜಕವೆಂದು ಕೆಲವರು ಸಾರಿದರು, ಅದು ತಪ್ಪು ಓದು. ಎರಡೂ ಗುಂಪಿಗೆ ಒತ್ತಡದ ಚಿಕಿತ್ಸೆ ದೊರಕಿತ್ತು, ದಾರಿ ಮಾತ್ರ ಬೇರೆ. ಗಂಟೆಗೊಮ್ಮೆ ಕಣ್ಣುಪಾಪೆ ನೋಡುವ ದಾದಿ ಇದ್ದರೆ ಅದೂ ಮಾಪಕವೇ. ಹಣೆಯ ಪಕ್ಕದಿಂದ ಮಿದುಳಿನ ರಕ್ತದ ವೇಗ ಅಳೆಯುವ ಡಾಪ್ಲರ್, ಕಣ್ಣಿನ ನರದ ಹೊದಿಕೆ ಹಿಗ್ಗಿದೆಯೇ ಎಂದು ನೋಡುವ ಅಲ್ಟ್ರಾಸೌಂಡ್ ಇವೂ ಸುಳಿವು ಕೊಡುತ್ತವೆ.

ಕಾತ್ರಜಿನ ತಂಗಿ, ಪುಣೆ:

ಬುರುಡೆ ತೆಗೆದದ್ದರ ಬಗ್ಗೆ ಯಾರೂ ಹೇಳಲಿಲ್ಲ. ಅಂದು ಸಹಿ ಹಾಕಿದವಳು ನಾನು. "ಬದುಕಬಹುದು, ಆದರೆ ಹೇಗೆ ಬದುಕುತ್ತಾರೆಂದು ಹೇಳಲಾರೆ" ಎಂದು ಶಸ್ತ್ರವೈದ್ಯರು ಹೇಳಿದ್ದರು. ಅದು ತಮ್ಮನ್ನು ಕಾಪಾಡಿಕೊಳ್ಳಲು ಆಡಿದ ಮಾತೆಂದು ಆಗ ನನಗನ್ನಿಸಿತ್ತು.

ಮಡಗಾಂವಿನ ಅರಿವಳಿಕೆಯವನು, ಗೋವಾ:

ಅದು ಅಧ್ಯಯನಗಳು ಹೇಳುವ ಮಾತು, ಅವರು ಅಲಂಕಾರವಿಲ್ಲದೆ ಹೇಳಿದ್ದಾರೆ. ಬುರುಡೆ ತೆಗೆದರೆ ಡಬ್ಬಿಯ ನಿಯಮವೇ ಮುರಿಯುತ್ತದೆ, ಊದಲು ಜಾಗ ಸಿಗುತ್ತದೆ. 2011ರ ಡೆಕ್ರಾ ಅಧ್ಯಯನದಲ್ಲಿ ಒತ್ತಡ 20 ದಾಟಿ ಹದಿನೈದು ನಿಮಿಷವಾಗುತ್ತಲೇ, ಬಹಳ ಬೇಗ, ಎರಡೂ ಬದಿಯ ಮುಂಭಾಗ ತೆರೆದರು. ಒತ್ತಡ ಇಳಿದರೂ ಆರು ತಿಂಗಳಿಗೆ ಫಲಿತಾಂಶ ಕೆಟ್ಟಿತ್ತು. 2016ರ ರೆಸ್ಕ್ಯೂ ಅಧ್ಯಯನದಲ್ಲಿ ಎಲ್ಲ ಔಷಧಿಗೂ ಬಗ್ಗದೆ 25ರ ಮೇಲೆ ಕನಿಷ್ಠ ಒಂದು ಗಂಟೆ ನಿಂತವರನ್ನು ಮಾತ್ರ ಆರಿಸಿದರು. ಆರು ತಿಂಗಳಲ್ಲಿ ಸಾವು ಶೇ 49ರಿಂದ ಶೇ 27ಕ್ಕೆ ಇಳಿಯಿತು. ಆದರೆ ಉಳಿದವರಲ್ಲಿ ಒಂದು ಪಾಲು ಪರಾವಲಂಬಿಗಳಾಗಿ ಉಳಿದರು. ಎಚ್ಚರವಿಲ್ಲದೆ ಉಸಿರಾಡುತ್ತ ಉಳಿದವರು ಶೇ 2ರ ಬದಲು ಶೇ 8.5. ನಿಮ್ಮ ಅಣ್ಣ 31ರಲ್ಲಿ ನಿಂತಿದ್ದವರು, ಎರಡನೆಯ ಬಗೆಯವರು. ಈ ಅಂಕಿಗಳನ್ನು ನಡುರಾತ್ರಿ ಕಾರಿಡಾರಿನಲ್ಲಿ ಒಬ್ಬ ತಂಗಿಗೆ ಹೇಗೆ ಹೇಳುವುದೆಂದು ನನಗೂ ತಿಳಿಯದು. ನಿಮ್ಮ ಶಸ್ತ್ರವೈದ್ಯರ ವಾಕ್ಯಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಕಾತ್ರಜಿನ ತಂಗಿ, ಪುಣೆ:

ಇನ್ನೊಂದೇ ಪ್ರಶ್ನೆ. ಮಲಗಿರುವಾಗ ಬುರುಡೆಯಿಲ್ಲದ ಜಾಗ ಸಮತಟ್ಟಾಗಿರುತ್ತದೆ, ಕುಳಿತರೆ ನಾಲ್ಕು ಬೆರಳಗಲ ಒಳಗೆ ಕುಳಿ ಬೀಳುತ್ತದೆ. ಕುಳಿತು ಅರ್ಧ ಗಂಟೆಯಾದರೆ ತಲೆನೋವು ಎನ್ನುತ್ತಾನೆ, ಎಡಗೈ ಇನ್ನಷ್ಟು ಜೋಲುತ್ತದೆ. ಮತ್ತೆ ಮಲಗಿಸಿದರೆ ಸರಿಹೋಗುತ್ತದೆ.

ರಾತ್ರಿಪಾಳಿ ಸಿಸ್ಟರ್, ಮುಂಬಯಿ:

ಕುಳಿ ಬೀಳುವುದಷ್ಟೇ ಆದರೆ ಹೆದರಬೇಕಾಗಿಲ್ಲ; ಕುಳಿತಾಗ ದ್ರವ ಕೆಳಗಿಳಿಯುತ್ತದೆ, ಎಲುಬಿಲ್ಲದ ಕಡೆ ಹೊರಗಿನ ಗಾಳಿಯ ಒತ್ತಡ ಚರ್ಮವನ್ನು ಒಳಕ್ಕೆ ತಳ್ಳುತ್ತದೆ. ಆದರೆ ಕುಳಿತಾಗಲೇ ತಲೆನೋವು, ಕೈ ಬಲ ಕಡಿಮೆಯಾಗುವುದು ಅಂದರೆ ಒಳಗೆ ಕುಸಿದ ಚರ್ಮ ಆ ಭಾಗದ ರಕ್ತಹರಿವನ್ನು ಕುಗ್ಗಿಸುತ್ತಿರಬಹುದು. ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ಶಸ್ತ್ರವೈದ್ಯರಿಗೆ ತಿಳಿಸಿ. ಊತ ಇಳಿದು ಸೋಂಕಿಲ್ಲವೆಂದಾದರೆ ಎಲುಬನ್ನು ಮರಳಿ ಕೂರಿಸುತ್ತಾರೆ, ಅನೇಕರಲ್ಲಿ ಕೈಕಾಲಿನ ಬಲವೂ ಆಮೇಲೆ ಸುಧಾರಿಸುತ್ತದೆ. ಹೊಟ್ಟೆಯ ಗಾಯದ ಜಾಗ ಕೆಂಪಾಗಿದೆಯೇ ಎಂದು ದಿನಾ ನೋಡಿ, ಬುರುಡೆ ತೆಗೆದ ಬದಿಗೆ ಮಲಗಿಸಬೇಡಿ, ಎದ್ದು ಓಡಾಡುವಾಗ ಹೆಲ್ಮೆಟ್ ಹಾಕಿಸಿ. ಈ ಸಲ ಪಟ್ಟಿ ಬಿಗಿದು.

ಕಾತ್ರಜಿನ ತಂಗಿ, ಪುಣೆ:

ಈಗಷ್ಟೇ ಫೋನ್ ಮಾಡಿದೆ. ನಾಳೆ 11 ಗಂಟೆಗೆ ಸಿ.ಟಿ.ಗೆ ಬರಲು ಹೇಳಿದ್ದಾರೆ. ಕುಳಿತು ಎಷ್ಟು ನಿಮಿಷಕ್ಕೆ ನೋವು ಶುರುವಾಗುತ್ತದೆ, ಮಲಗಿದ ಮೇಲೆ ಎಷ್ಟು ನಿಮಿಷಕ್ಕೆ ಹೋಗುತ್ತದೆ ಎಂದು ಬರೆದು ತನ್ನಿ ಎಂದರು. ಅಮ್ಮ ಗಡಿಯಾರ ಹಿಡಿದು ಅವನ ಪಕ್ಕದಲ್ಲಿ ಕುಳಿತಿದ್ದಾರೆ.